ಬೆಂಗಳೂರಿನ ಮನೆ ಧೂಳು, ಅಂಗಳದ ಮಣ್ಣಲ್ಲಿರೋ ಸೀಸದಿಂದ ಮಕ್ಕಳನ್ನ ಕಾಪಾಡ್ಕೊಳೋದು ಹೇಗೆ: ಹಂತ ಹಂತವಾಗಿ

ಗಾಳಿ ಕೆಟ್ಟಿದೆ ಅಂತ ಬೆಂಗಳೂರಲ್ಲಿ ಎಲ್ಲರೂ ಮಾತಾಡ್ತಾರೆ, ಎಕ್ಯೂಐ ನೋಡ್ಕೊಂಡೇ ಬೆಳಗ್ಗೆ ವಾಕಿಂಗ್ ಹೊರಡೋರೂ ಇದಾರೆ. ಆದ್ರೆ ಗಾಳಿಲಿ ಹಾರೋ ಧೂಳು ಕೊನೆಗೆ ಎಲ್ಲೋ ಒಂದು ಕಡೆ ಕೂತೇ ಕೂರತ್ತಲ್ಲ, ಕಿಟಕಿ ಕಟ್ಟೆ ಮೇಲೆ, ಮಂಚದ ಕೆಳಗೆ, ಕಾಂಪೌಂಡ್ ಪಕ್ಕದ ಮಣ್ಣಲ್ಲಿ, ಟೆರೇಸ್ ಮೇಲಿನ ಕುಂಡದಲ್ಲಿ, ಅಲ್ಲಿಂದ ಅದು ಅಂಬೆಗಾಲಿಡೋ ಮಗು ಕೈಗೆ ಅಂಟ್ಕೊಂಡು ಬಾಯಿಗೆ ಹೋಗತ್ತೆ, ಇದರ ಬಗ್ಗೆ ಮಾತಾಡೋರು ತುಂಬಾ ಕಮ್ಮಿ. ಸಿಟಿ ಮಣ್ಣಲ್ಲಿ ಸೇರ್ಕೊಂಡಿರೋ ಕೆಮಿಕಲ್‌ಗಳು ಒಂದೆರಡಲ್ಲ. ಟೈರ್ ಸವೆದು ಬರೋ ಜಿಂಕ್, ಬ್ರೇಕ್ ಪ್ಯಾಡ್‌ನಿಂದ ತಾಮ್ರ, ಆಂಟಿಮನಿ, ಕಸ ಸುಟ್ಟಾಗ ಬರೋ ಪಿಎಎಚ್ ಮತ್ತೆ ಡಯಾಕ್ಸಿನ್ ಅನ್ನೋ ವಿಷಗಳು, ಪ್ಲೇಟಿಂಗ್ ಫ್ಯಾಕ್ಟರಿಗಳ ಕ್ರೋಮಿಯಂ, ಹಳೇ ಎಲೆಕ್ಟ್ರಾನಿಕ್ಸ್‌ನಿಂದ ಕ್ಯಾಡ್ಮಿಯಂ, ಪಾದರಸ. ನಾನು ಇಲ್ಲಿ ಮುಖ್ಯವಾಗಿ ಸೀಸ, ಅಂದ್ರೆ ಲೆಡ್ ಹಿಡ್ಕೊಂಡಿದೀನಿ. ಯಾಕಂದ್ರೆ ಚಿಕ್ಕ ಮಕ್ಕಳ ಮೆದುಳಿಗೆ ಅದು ಮಾಡೋ ಹಾನಿ ಆಮೇಲೆ ಸರಿಹೋಗಲ್ಲ, ಮತ್ತೆ ಸೀಸ ತಡೆಯೋಕೆ ಅಂತ ಮಾಡೋ ಕೆಲಸದಿಂದಾನೇ ಧೂಳಲ್ಲಿರೋ ಉಳಿದವೂ ಕಮ್ಮಿ ಆಗತ್ತೆ.

ಲ್ಯಾಬ್ ಟೆಸ್ಟ್, ರಕ್ತ ಪರೀಕ್ಷೆ ಎಲ್ಲಾ ಇದೆ, ಕೆಳಗೆ ಬರ್ತೀನಿ. ಆದ್ರೆ ರಿಪೋರ್ಟ್ ಬರ್ಲಿ ಆಮೇಲೆ ನೋಡೋಣ ಅಂತ ಕೂರ್ಬೇಡಿ. ಧೂಳಿಂದ ಕೈಗೆ, ಕೈಯಿಂದ ಬಾಯಿಗೆ ಹೋಗೋ ದಾರಿನ ಇವತ್ತೇ ಕಟ್ ಮಾಡ್ಬಹುದು, ಅದಕ್ಕೆ ಬೇಕಾಗಿರೋದು ಒಂದು ಒದ್ದೆ ಬಟ್ಟೆ, ಎರಡು ಬಕೆಟ್, ಸೋಪು.

ಈ ಸೀಸ ಬಂದಿದ್ದಾದ್ರೂ ಎಲ್ಲಿಂದ

ನಮ್ಮ ದೇಶದಲ್ಲಿ 2000ನೇ ಇಸವಿವರೆಗೂ ಪೆಟ್ರೋಲ್‌ಗೆ ಸೀಸ ಬೆರೆಸ್ತಿದ್ರು. ಅಷ್ಟು ವರ್ಷ ಸ್ಕೂಟರು, ಕಾರು, ಆಟೋ ಉಗುಳಿದ ಹೊಗೆಲಿದ್ದ ಸೀಸ ರಸ್ತೆ ಪಕ್ಕದ ಮಣ್ಣಲ್ಲಿ ಕೂತಿದೆ, ಅದು ಲೋಹ, ಕೊಳೆತು ಹೋಗಲ್ಲ, ಕರಗಿ ಹೋಗಲ್ಲ, ಮೇಲಿನ ಕೆಲವು ಇಂಚು ಮಣ್ಣಲ್ಲೇ ಇರತ್ತೆ, ಅಗೆದ್ರೆ, ಒಣಗಿ ಹಾರಿದ್ರೆ ಮತ್ತೆ ಧೂಳಾಗತ್ತೆ. ಪೆಟ್ರೋಲ್ ವಿಷಯದಲ್ಲಿ ಬೆಂಗಳೂರಿನೋರ ಪಾತ್ರ ದೊಡ್ಡದು. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಬಯೋಕೆಮಿಸ್ಟ್ರಿ ಪ್ರೊಫೆಸರ್ ಡಾ. ತುಪ್ಪಿಲ್ ವೆಂಕಟೇಶ್ ಮತ್ತೆ ಜಾರ್ಜ್ ಫೌಂಡೇಶನ್ ಸೇರಿ 1990ರ ದಶಕದ ಕೊನೆಲಿ ಬೆಂಗಳೂರು, ಮುಂಬೈ, ಚೆನ್ನೈ, ದೆಹಲಿ ಇಂಥ ಊರುಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ, 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಸೀಸ ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂ ದಾಟಿತ್ತು. ಪೆಟ್ರೋಲ್‌ನಿಂದ ಸೀಸ ತೆಗೆದ ಮೇಲೆ ಆ ಮಟ್ಟ ಇಳೀತು, ಆದ್ರೆ ಪೂರ್ತಿ ಹೋಗಿಲ್ಲ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಅನ್ನೋ ಸಂಸ್ಥೆ ಕೊಟ್ಟ ವರದಿ ಪ್ರಕಾರ 5 ಮೈಕ್ರೋಗ್ರಾಂ ದಾಟಿರೋ ಮಕ್ಕಳು ಭಾರತದಲ್ಲೇ ಸುಮಾರು 27.5 ಕೋಟಿ.

ಎರಡನೇದು ಪೇಂಟ್. ಮನೆಗೆ ಹೊಡೆಯೋ ಪೇಂಟಲ್ಲಿ ಸೀಸ 90 ಪಿಪಿಎಂ (ಅಂದ್ರೆ ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಅನ್ನೋ ನಿಯಮ 2016ರಲ್ಲಿ ಬಂದು, 2017ರ ನವೆಂಬರ್ 1ರಿಂದ ಜಾರಿ ಆಯ್ತು. ಅಂದ್ರೆ ಅದಕ್ಕಿಂತ ಮುಂಚೆ ಗ್ರಿಲ್ಲು, ಗೇಟು, ಕಿಟಕಿ ಬಾಗಿಲಿಗೆ ಹೊಡೆದಿರೋ ಎನಾಮಲ್ ಪೇಂಟ್ ಎಲ್ಲದರ ಮೇಲೂ ಅನುಮಾನ ಇಟ್ಕೊಳ್ಳಿ, ಅದರಲ್ಲೂ ಹಳದಿ, ಕೇಸರಿ, ಕೆಂಪು, ಹಸಿರು. ಆಗಿನ ಎನಾಮಲ್‌ನಲ್ಲಿ ಸಾವಿರಗಟ್ಟಲೆ ಪಿಪಿಎಂ ಇರೋದು ಮಾಮೂಲಿ. ಮತ್ತೊಂದು ವಿಷಯ, ಆ ನಿಯಮ ಮನೆ ಮತ್ತು ಅಲಂಕಾರದ ಪೇಂಟ್‌ಗೆ ಮಾತ್ರ, ಇಂಡಸ್ಟ್ರಿಯಲ್ ಪೇಂಟ್‌ಗೆ ಇಲ್ಲ. ಗೇಟಿಗೆ, ಪಾರ್ಕಿನ ಜಾರುಬಂಡೆಗೆ ಯಾವ ಡಬ್ಬಿ ತಂದು ಹೊಡೆದ್ರೋ ಯಾರಿಗೆ ಗೊತ್ತು.

ಮೂರನೇದು ಬ್ಯಾಟರಿ ಮತ್ತೆ ಇ-ವೇಸ್ಟ್. ಕಾರು, ಯುಪಿಎಸ್‌ನ ಹಳೇ ಲೆಡ್ ಆಸಿಡ್ ಬ್ಯಾಟರಿ ಒಡೆದು ಸೀಸ ಕರಗಿಸೋ ಸಣ್ಣ ಶೆಡ್ಡುಗಳು, ಕೇಬಲ್ ಸುಟ್ಟು ತಾಮ್ರ ತೆಗೆಯೋ ಜಾಗಗಳು, ಇವುಗಳ ಸುತ್ತಲಿನ ಮಣ್ಣು ತುಂಬಾ ಕೆಟ್ಟಿರತ್ತೆ. ಬೆಂಗಳೂರಿನ ಇ-ವೇಸ್ಟ್ ಬಿಡಿಸೋ ಜಾಗದ ಮಣ್ಣಲ್ಲಿ ಒಂದು ಕೆಜಿಗೆ 2,850 ಮಿಲಿಗ್ರಾಂ ತನಕ ಸೀಸ ಸಿಕ್ಕಿದ್ದು 2009ರಲ್ಲೇ ಪ್ರಕಟ ಆಗಿದೆ. ಸಿಟಿ ಗಾಳಿ ತಾಗದ ಮಾಮೂಲಿ ಮಣ್ಣಲ್ಲಿ 10ರಿಂದ 40ರ ಆಸುಪಾಸು ಇರತ್ತೆ ಅಷ್ಟೆ.

ಎಷ್ಟಿದ್ರೆ ಜಾಸ್ತಿ

ಈ ಲೆಕ್ಕ ಒಂದ್ಸಲ ತಲೆಗೆ ಹೋದ್ರೆ ಉಳಿದಿದ್ದೆಲ್ಲ ಸಲೀಸು. ಪಿಪಿಎಂ ಅಂದ್ರೆ ಒಂದು ಕೆಜಿ ಮಣ್ಣಲ್ಲಿ ಎಷ್ಟು ಮಿಲಿಗ್ರಾಂ ಅಂತ. ಚಿಕ್ಕ ಮಗು ಆಟ ಆಡ್ತಾ ದಿನಕ್ಕೆ ಸುಮಾರು 60ರಿಂದ 100 ಮಿಲಿಗ್ರಾಂ ಮಣ್ಣು, ಧೂಳು ನುಂಗತ್ತೆ. ಇದು ಮಣ್ಣು ತಿನ್ನೋ ಅಭ್ಯಾಸ ಇರೋ ಮಗು ಲೆಕ್ಕ ಅಲ್ಲ, ಎಲ್ಲಾ ಮಕ್ಕಳೂ ಅಷ್ಟೆ. ಮಣ್ಣಲ್ಲಿ 20 ಪಿಪಿಎಂ ಇದ್ರೆ 100 ಮಿಲಿಗ್ರಾಂಗೆ 2 ಮೈಕ್ರೋಗ್ರಾಂ ಸೀಸ ಹೊಟ್ಟೆಗೆ ಹೋಯ್ತು. 400 ಇದ್ರೆ 40. ಆಹಾರದಿಂದ ಮಕ್ಕಳಿಗೆ ದಿನಕ್ಕೆ 2.2 ಮೈಕ್ರೋಗ್ರಾಂ ಮೀರಬಾರದು ಅಂತ ಅಮೆರಿಕದ ಆಹಾರ, ಔಷಧಿ ಸಂಸ್ಥೆ ಎಫ್‌ಡಿಎ ಇಟ್ಕೊಂಡಿರೋ ಗೆರೆ. ಈಗ ಪೇಂಟ್ ಚಕ್ಕೆ ನೋಡಿ, ಉಗುರಿನಷ್ಟು ಚಕ್ಕೆ 100 ಮಿಲಿಗ್ರಾಂ ತೂಗತ್ತೆ ಅಂದ್ಕೊಳ್ಳಿ, ಅದರಲ್ಲಿ ನೂರಕ್ಕೆ ಒಂದು ಭಾಗ ಸೀಸ ಇದ್ರೂ 1,000 ಮೈಕ್ರೋಗ್ರಾಂ ಆಯ್ತು. ಒಂದೇ ಒಂದು ಚಕ್ಕೆ. ಅದಕ್ಕೇ ನಾನು ಮಣ್ಣಿಗಿಂತ ಮುಂಚೆ ಕಿಟಕಿ ನೋಡಿ ಅಂತ ಹೇಳೋದು.

ಇನ್ನೊಂದು, ದೊಡ್ಡೋರ ಹೊಟ್ಟೆಗೆ ಹೋದ ಸೀಸದಲ್ಲಿ ಹತ್ತರಲ್ಲಿ ಒಂದು ಪಾಲು ರಕ್ತಕ್ಕೆ ಸೇರಿದ್ರೆ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧ ಸೇರತ್ತೆ. ದೇಹ ಅದನ್ನ ಕ್ಯಾಲ್ಸಿಯಂ ಅಂದ್ಕೊಂಡು ಮೂಳೆಲಿ ಇಟ್ಕೊಳತ್ತೆ, ಅಲ್ಲಿ ದಶಕಗಟ್ಟಲೆ ಇರತ್ತೆ, ಹೆಣ್ಣುಮಗಳು ಮುಂದೆ ಬಸುರಿ ಆದಾಗ ಮೂಳೆಯಿಂದ ಕ್ಯಾಲ್ಸಿಯಂ ಜೊತೆ ಸೀಸಾನೂ ಹೊರಗೆ ಬಂದು ಹೊಟ್ಟೇಲಿರೋ ಕೂಸಿಗೆ ಹೋಗತ್ತೆ. ಮಕ್ಕಳಲ್ಲಿ ಕಾಣಿಸ್ಕೊಳೋದು ಗಮನ ನಿಲ್ಲದೇ ಇರೋದು, ಕಲಿಕೆ ಹಿಂದೆ ಬೀಳೋದು, ಸಿಡುಕು, ರಕ್ತಹೀನತೆ, ಮಲಬದ್ಧತೆ, ಹೊಟ್ಟೆನೋವು. ಬಹಳ ಸಲ ಏನೂ ಕಾಣಲ್ಲ. ದೊಡ್ಡೋರಲ್ಲಿ ಬಿಪಿ, ಕಿಡ್ನಿ ತೊಂದರೆ. ಇಷ್ಟರ ತನಕ ಸೇಫ್ ಅನ್ನೋ ಮಟ್ಟ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್‌ಒ) ಸ್ಪಷ್ಟವಾಗಿ ಹೇಳಿದೆ.

ಹಂತ 1: ಮನೆ ಒಳಗೂ ಹೊರಗೂ ಒಂದು ರೌಂಡ್ ಹಾಕಿ

ಒಂದು ಪೇಪರ್, ಪೆನ್ ತಗೊಳ್ಳಿ. ಮನೆ ಯಾವ ಇಸವೀದು, ಕೊನೇ ಸಲ ಎನಾಮಲ್ ಪೇಂಟ್ ಯಾವಾಗ ಹೊಡೆಸಿದ್ದು, ಪೇಂಟ್ ಎಲ್ಲೆಲ್ಲಿ ಏಳ್ತಾ ಇದೆ, ಮಗು ದಿನದ ಹೆಚ್ಚು ಹೊತ್ತು ಎಲ್ಲಿ ಕೂತು ಆಡತ್ತೆ ಬರ್ಕೊಳ್ಳಿ. ಹಳೇ ಬಡಾವಣೆ ಮನೆಗಳಲ್ಲಿ ರಸ್ತೆ ಕಡೆ ಮರದ ಕಿಟಕಿ ಇರತ್ತಲ್ಲ, ಅದನ್ನ ಹತ್ತಿರದಿಂದ ನೋಡಿ. ಕಿಟಕಿ ಬಾಗಿಲು ಚೌಕಟ್ಟಿಗೆ ಉಜ್ಜೋ ಜಾಗದಲ್ಲಿ ಪೇಂಟ್ ಸವೆದು ಮರ ಕಾಣ್ತಿರತ್ತೆ, ಸರಳಿನ ಬುಡದಲ್ಲಿ ಪದರ ಪದರವಾಗಿ ಪೇಂಟ್ ಎದ್ದಿರತ್ತೆ, ಮೇಲೆ ಕಂದು, ಅದರ ಕೆಳಗೆ ಹಸಿರು, ಅದರ ಕೆಳಗೆ ತುಕ್ಕು ಬಣ್ಣದ ಪ್ರೈಮರ್, ಕಟ್ಟೆ ಮೇಲೆ ಬೂದು ಧೂಳಿನ ಜೊತೆ ಸಾಸಿವೆ ಗಾತ್ರದ ಬಣ್ಣದ ಚೂರು. ಮಗು ಎದ್ದು ನಿಲ್ಲೋಕೆ ಕಲಿತಾಗ ಮೊದಲು ಹಿಡ್ಕೊಳೋದು ಅದೇ ಸರಳು, ಬಾಯಿ ಇಡೋದು ಅದೇ ಕಟ್ಟೆಗೆ.

ಹೊರಗೆ ಬಂದ್ರೆ, ಗೋಡೆ ಪಕ್ಕ ಪೇಂಟ್ ಉದುರಿ ಬೀಳೋ ಎರಡು ಮೂರು ಅಡಿ ಮಣ್ಣು, ರಸ್ತೆಗೆ ತಾಗಿರೋ ಭಾಗ, ಮೊದಲು ಯಾವಾಗಾದ್ರೂ ಗ್ಯಾರೇಜ್, ಗುಜರಿ ಅಂಗಡಿ, ಬ್ಯಾಟರಿ ಅಂಗಡಿ ಇತ್ತಾ ಅನ್ನೋದು, ಪಕ್ಕದ ಖಾಲಿ ಸೈಟಲ್ಲಿ ಕಸ ಸುಡ್ತಾರಾ ಅನ್ನೋದು. ಬಡಾವಣೇಲಿ ತುಂಬಾ ವರ್ಷದಿಂದ ಇರೋ ಅಜ್ಜಿ ತಾತಂದಿರನ್ನ ಕೇಳಿ, ಯಾವ ದಾಖಲೆಲೂ ಇಲ್ಲದ ವಿಷಯ ಅವರ ಹತ್ರ ಇರತ್ತೆ.

ಹಂತ 2: ಒದ್ದೆ ಬಟ್ಟೆ. ಇದೇ ಎಲ್ಲಕ್ಕಿಂತ ಮುಖ್ಯ

ಒಣ ಪೊರಕೆಲಿ ಜೋರಾಗಿ ಗುಡಿಸಿದ್ರೆ ದಪ್ಪ ಕಸ ಮೂಲೆಗೆ ಹೋಗತ್ತೆ, ನುಣ್ಣನೆ ಧೂಳು ಎದ್ದು ಗಾಳಿಲಿ ತೇಲಿ ಒಂದಷ್ಟು ಹೊತ್ತಾದ ಮೇಲೆ ಮತ್ತೆ ನೆಲ, ಹಾಸಿಗೆ, ಆಟದ ಸಾಮಾನು ಮೇಲೆ ಕೂರತ್ತೆ. ಸೀಸ ಜಾಸ್ತಿ ಇರೋದೂ, ಕೈಗೆ ಜಾಸ್ತಿ ಅಂಟೋದೂ ಆ ನುಣ್ಣನೆ ಧೂಳಲ್ಲೇ. ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಕೂಡ ಅಷ್ಟೆ, ನುಣ್ಣನೆ ಧೂಳನ್ನೂ ಹಿಡಿಯೋ ಹೆಪಾ ಫಿಲ್ಟರ್ ಇಲ್ಲದಿದ್ರೆ ಹಿಂದಿಂದ ಅದೇ ಧೂಳನ್ನ ಊದತ್ತೆ. ಅಂಗಳ ಗುಡಿಸೋಕೆ ಮುಂಚೆ ನೀರು ಚಿಮುಕಿಸೋದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ, ಅದನ್ನ ಬಿಡ್ಬೇಡಿ. ಒಳಗೂ ಹಾಗೇ, ಮೊದಲು ಒದ್ದೆ.

ಮಾಡೋ ರೀತಿ ಹೀಗೆ. ಮಗುನ ಬೇರೆ ರೂಮಿಗೆ ಕಳಿಸಿ. ಎರಡು ಬಕೆಟ್ ಇಟ್ಕೊಳ್ಳಿ, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು, ಕೊಳೆ ಬಟ್ಟೆನ ಮೊದಲು ಬರೀ ನೀರಲ್ಲಿ ಜಾಲಿಸಿ, ಹಿಂಡಿ, ಆಮೇಲೇ ಸೋಪಿನ ನೀರಿಗೆ ಅದ್ದಬೇಕು, ಇಲ್ಲಾಂದ್ರೆ ಅದೇ ಧೂಳನ್ನ ಮನೆ ತುಂಬಾ ಬಳಿದ ಹಾಗಾಗತ್ತೆ. ಮೇಲಿಂದ ಕೆಳಗೆ ಬನ್ನಿ. ಫ್ಯಾನ್ ರೆಕ್ಕೆಗೆ ಹಳೇ ದಿಂಬಿನ ಕವರ್ ತೊಡಿಸಿ ಎಳೆದ್ರೆ ಧೂಳು ಕವರ್ ಒಳಗೇ ಬೀಳತ್ತೆ. ಆಮೇಲೆ ಕಿಟಕಿ ಸರಳು, ಕಟ್ಟೆ, ಆಮೇಲೆ ಕಪಾಟು, ಕೊನೆಗೆ ನೆಲ, ಒಳಗಿನ ಮೂಲೆಯಿಂದ ಬಾಗಿಲ ಕಡೆಗೆ. ಕಟ್ಟೆ ಒರೆಸಿದ ಬಟ್ಟೆಲಿ ನೆಲ ಒರೆಸಬೇಡಿ, ಕಟ್ಟೆಗೆ ಹಳೇ ಬನಿಯನ್ ತುಂಡು ಬಳಸಿ ಬಿಸಾಕೋದೇ ವಾಸಿ. ಒಂದೊಂದು ರೂಮಿಗೂ ನೀರು ಬದಲಿಸಿ, ಆ ನೀರನ್ನ ಟಾಯ್ಲೆಟ್‌ಗೆ ಸುರೀರಿ, ಗಿಡಕ್ಕೆ ಹಾಕ್ಬೇಡಿ. ಮಗು ಆಡೋ ಜಾಗ ಮತ್ತೆ ಕಿಟಕಿ ಕಟ್ಟೆ ದಿನಾ, ಉಳಿದಿದ್ದು ವಾರಕ್ಕೆ ಎರಡು ಸಲ ಆದ್ರೂ ಆಗ್ಬೇಕು. ರಸ್ತೇಲಿ ಪೈಪ್ ಹಾಕೋಕೆ ಅಗೀತಿದ್ರೆ, ಪಕ್ಕದಲ್ಲಿ ಹಳೇ ಮನೆ ಕೆಡವ್ತಿದ್ರೆ ಆ ದಿನಗಳಲ್ಲಿ ಆ ಕಡೆ ಕಿಟಕಿ ಮುಚ್ಚಿಟ್ಟು ಎಲ್ಲಾ ದಿನಾನೂ ಒರೆಸಿ.

ಮನೆಕೆಲಸಕ್ಕೆ ಬರೋ ಅಕ್ಕ ಈ ಕೆಲಸ ಮಾಡ್ತಿದ್ರೆ ಅವರಿಗೆ ಮಾಸ್ಕ್, ಗ್ಲೌಸ್ ಕೊಡಿ, ಯಾಕೆ ಒದ್ದೆಲೇ ಮಾಡ್ಬೇಕು ಅಂತ ಕೂರಿಸಿ ಹೇಳಿ. ಅವರ ಮನೇಲೂ ಮಕ್ಕಳಿರ್ತಾರೆ, ಅವರಿರೋ ಏರಿಯಾದಲ್ಲಿ ಧೂಳು ನಮ್ಮಲ್ಲಿಗಿಂತ ಜಾಸ್ತಿನೇ ಇರ್ಬಹುದು.

ಚಪ್ಪಲಿ ಹೊರಗೆ ಬಿಡೋದು ನಮ್ಮಲ್ಲಿ ಇದ್ದೇ ಇದೆ, ಆದ್ರೆ ಅಪಾರ್ಟ್‌ಮೆಂಟಲ್ಲಿ ಶೂ ರ‍್ಯಾಕ್ ಬಾಗಿಲ ಒಳಗೆ ಬಂದುಬಿಟ್ಟಿದೆ, ಅದನ್ನ ಹೊರಗೆ ಹಾಕಿ. ಕಾಲೊರೆಸು ವಾರಕ್ಕೊಮ್ಮೆ ಒಗೀರಿ, ಒಣದಾಗಿ ಕೊಡವಬೇಡಿ. ಮಗು ಕೈ ಊಟಕ್ಕೆ ಮುಂಚೆ, ಮಲಗೋಕೆ ಮುಂಚೆ, ಹೊರಗಿಂದ ಬಂದ ತಕ್ಷಣ ಸೋಪು ಹಾಕಿ ತೊಳೀಬೇಕು, ಸ್ಯಾನಿಟೈಸರ್ ಕೀಟಾಣು ಸಾಯ್ಸತ್ತೆ ಹೊರತು ಸೀಸ ತೆಗೆಯಲ್ಲ. ಬೆರಳು ಚೀಪೋ ಮಗು ಆದ್ರೆ ಉಗುರು ಪೂರ್ತಿ ಕತ್ತರಿಸಿಡಿ, ಬಾಯಿಗಿಡೋ ಆಟದ ಸಾಮಾನು ದಿನಾ ತೊಳೀರಿ.

ಹಂತ 3: ಹಳೇ ಪೇಂಟನ್ನ ಒಣದಾಗಿ ಉಜ್ಜಿಸ್ಬೇಡಿ

ಗೃಹಪ್ರವೇಶ, ಮದುವೆ, ಹಬ್ಬ ಅಂತ ಪೇಂಟ್ ಮಾಡ್ಸೋ ಒಂದು ವಾರದಲ್ಲಿ ಮನೆಗೆ ಸೇರೋ ಸೀಸದ ಧೂಳು ರಸ್ತೆ ಕಡೆಯಿಂದ ವರ್ಷಪೂರ್ತಿ ಬರೋದಕ್ಕಿಂತ ಜಾಸ್ತಿ ಆಗ್ಬಹುದು. ಎಮರಿ ಪೇಪರ್ ಹಿಡಿದು ಗ್ರಿಲ್ ಉಜ್ಜುವಾಗ ಏಳೋ ಪುಡಿ ಇದೆಯಲ್ಲ, ಅದು ಮೇಲೆ ಲೆಕ್ಕ ಹಾಕಿದ ಚಕ್ಕೆನೇ, ನುಣ್ಣಗಾಗಿ ಮನೆಯೆಲ್ಲಾ ಹರಡಿರೋದು.

ಪೇಂಟ್ ಗಟ್ಟಿಯಾಗಿ ಕೂತಿದ್ರೆ, ಎಲ್ಲೂ ಎದ್ದಿಲ್ಲದಿದ್ರೆ ಕೆರೀಲೇಬೇಡಿ, ತೊಳೆದು ಒರೆಸಿ ಅದರ ಮೇಲೇ ಹೊಸ ಕೋಟ್ ಹೊಡೆಸಿ. ಎದ್ದಿರೋ ಕಡೆ ಮಾತ್ರ ಕೆಲಸ. ಪೇಂಟರ್ ಹತ್ರ ಮೊದಲೇ ಮಾತಾಡ್ಕೊಳ್ಳಿ.

"ಮೇಸ್ತ್ರಿ, ಗ್ರಿಲ್ಲು, ಕಿಟಕಿ ಎಲ್ಲಾ ವಾಟರ್ ಪೇಪರಲ್ಲೇ ಉಜ್ಜಬೇಕು, ನೀರು ಹಾಕ್ಕೊಂಡೇ."

"ನೀರು ಹಾಕಿದ್ರೆ ಒಣಗೋಕೆ ಟೈಮ್ ಹಿಡಿಯತ್ತೆ ಮೇಡಂ, ಒಂದ್ ದಿನ ಎಕ್ಸ್‌ಟ್ರಾ ಆಗತ್ತೆ."

"ಆಗ್ಲಿ ಬಿಡಿ, ಆ ಒಂದ್ ದಿನದ ಕೂಲಿ ಕೊಡ್ತೀನಿ. ಈ ಪುಡಿ ನಿಮ್ಮ ಎದೆಗೂ ಒಳ್ಳೇದಲ್ಲ, ನೀವು ಅದೇ ಬಟ್ಟೇಲಿ ಮನೆಗೆ ಹೋಗಿ ಮಕ್ಕಳನ್ನ ಎತ್ಕೋತೀರ."

ಹೀಗೆ ಹೇಳಿದ್ರೆ ಬೇಡ ಅನ್ನೋರು ಕಮ್ಮಿ, ಅಷ್ಟು ವರ್ಷ ಆ ಕೆಲಸ ಮಾಡಿದ್ರೂ ಅವರಿಗೆ ಇದನ್ನ ಯಾರೂ ಹೇಳಿರಲ್ಲ. ಕೆಲಸ ನಡೆಯೋ ರೂಮಿನ ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿ ಅಂಚಿಗೆ ಟೇಪ್ ಅಂಟಿಸಿ, ಬಾಗಿಲಿಗೂ ಶೀಟ್ ಕಟ್ಟಿ, ಫ್ಯಾನ್ ಆಫ್ ಮಾಡಿ, ಹಾಸಿಗೆ ಬಟ್ಟೆ ಮೊದಲೇ ತೆಗೆದಿಡಿ. ಮಕ್ಕಳು, ಬಸುರಿ ಹೆಂಗಸರು ಕೆಲಸ ಮುಗಿದು ಒದ್ದೆ ಬಟ್ಟೇಲಿ ಎರಡು ಸಲ ಒರೆಸೋ ತನಕ ಬೇರೆ ಕಡೆ ಇರ್ಲಿ, ಅಜ್ಜಿ ಮನೆಗೆ ಕಳಿಸೋಕೆ ಇದಕ್ಕಿಂತ ಒಳ್ಳೇ ಕಾರಣ ಬೇಡ. ಪೇಂಟರ್‌ಗೆ ಎನ್95 ಮಾಸ್ಕ್ ಕೊಡಿ, ಬರೀ ಕರ್ಚೀಫ್ ಸಾಕಾಗಲ್ಲ. ಬ್ಲೋ ಲ್ಯಾಂಪಲ್ಲಿ ಸುಟ್ಟು ಪೇಂಟ್ ಕೆರೆಯೋಕೆ ಬಿಡ್ಲೇಬೇಡಿ, ಸೀಸದ ಹೊಗೆ ಬರತ್ತೆ. ಗ್ರೈಂಡರ್‌ಗೆ ಎಮರಿ ಚಕ್ರ ಹಾಕಿ ಉಜ್ಜೋದೂ ಬೇಡ. ಬಿದ್ದ ಚಕ್ಕೆನೆಲ್ಲ ಶೀಟ್ ಸಮೇತ ಮಡಚಿ ಕಟ್ಟಿ, ಮನೆಯ ಅಪಾಯಕಾರಿ ಕಸ ಅಂತ ಬೇರೆಯಾಗೇ ಕೊಡಿ, ಅಂಗಳದಲ್ಲಿ ಸುರಿದು ನೀರು ಹಾಯಿಸ್ಬೇಡಿ.

ಹೊಸ ಡಬ್ಬಿ ತರುವಾಗ ಸೀಸ 90 ಪಿಪಿಎಂ ಮೀರಿಲ್ಲ ಅನ್ನೋ ಸಾಲು ಲೇಬಲ್ ಮೇಲಿದೆಯಾ ನೋಡಿ. ನಿಯಮ ಬಂದ ಮೇಲೂ ಕೆಲವು ಸಣ್ಣ ತಯಾರಕರ ಪೇಂಟಲ್ಲಿ ಮಿತಿ ಮೀರಿದ್ದು ಟೆಸ್ಟ್‌ಗಳಲ್ಲಿ ಸಿಕ್ಕಿದೆ, ಆ ಸಾಲು ಇಲ್ಲದ ಡಬ್ಬಿ ಎಷ್ಟೇ ಅಗ್ಗ ಇದ್ರೂ ತರ್ಬೇಡಿ. ಮತ್ತೆ ಛಾವಣಿ ಕಲ್ನಾರಿನ ಶೀಟ್ ಆಗಿದ್ರೆ ಅದಕ್ಕೆ ಡ್ರಿಲ್, ಕಟಿಂಗ್ ಮಾಡ್ಸೋಕೆ ಹೋಗ್ಬೇಡಿ. ಅದರಿಂದ ಏಳೋದು ಆಸ್ಬೆಸ್ಟಾಸ್ ನಾರು, ಶ್ವಾಸಕೋಶದ ಕ್ಯಾನ್ಸರ್‌ಗೆ ದಾರಿ.

ಹಂತ 4: ಬರಿ ಮಣ್ಣು ಕಾಣದ ಹಾಗೆ ಮುಚ್ಚಿ

ಮುಚ್ಚಿರೋ ಮಣ್ಣು ಹಾರಲ್ಲ, ಕೈಗೆ ಅಂಟಲ್ಲ. ಮನೆ ಗೋಡೆ ಪಕ್ಕ, ಗೇಟ್ ಪಕ್ಕ ಬರಿ ಮಣ್ಣಿದ್ರೆ ಹುಲ್ಲು ಬೆಳೆಸಿ, ಆಗದಿದ್ರೆ ಜಲ್ಲಿ, ಇಂಟರ್‌ಲಾಕ್ ಟೈಲ್ಸ್, ತೆಂಗಿನ ನಾರು, ಒಣ ಎಲೆ ನಾಲ್ಕು ಇಂಚು ದಪ್ಪ ಹಾಕಿ. ಮಗುಗೆ ಮಣ್ಣಲ್ಲಿ ಆಡೋಕೆ ಇಷ್ಟ ಅಂದ್ರೆ ತಡೀಬೇಡಿ, ಅಂಚು ಕಟ್ಟಿದ ತೊಟ್ಟಿ ಮಾಡಿ ತೊಳೆದ ಮರಳು ತುಂಬಿ, ಆಟ ಮುಗಿದ ಮೇಲೆ ಮುಚ್ಚಳ ಮುಚ್ಚಿ. ಪಾರ್ಕಲ್ಲಿ ಪೇಂಟ್ ಕಿತ್ತು ಬಂದಿರೋ ಉಯ್ಯಾಲೆ, ಜಾರುಬಂಡೆ ಕೆಳಗಿನ ಮಣ್ಣಲ್ಲಿ ಆಡಿಸ್ಬೇಡಿ, ಫೋಟೋ ತೆಗೆದು ಪಾಲಿಕೆಗೆ ಕಂಪ್ಲೇಂಟ್ ಹಾಕಿ.

ಹಂತ 5: ಮಣ್ಣಿನ ಟೆಸ್ಟ್

ಇಲ್ಲಿ ಜನ ಎಡವೋದು ಒಂದೇ ಕಡೆ. ಕೃಷಿ ಮಣ್ಣು ಪರೀಕ್ಷೆ ಅಂತ ಕೊಟ್ರೆ ಸಾರಜನಕ, ರಂಜಕ, ಪೊಟ್ಯಾಶ್, ಪಿಎಚ್, ಜಾಸ್ತಿ ಅಂದ್ರೆ ಜಿಂಕ್, ಕಬ್ಬಿಣ ನೋಡಿ ಕೊಡ್ತಾರೆ. ಮಣ್ಣು ಫಲವತ್ತಾಗಿದೆ ಅಂತ ರಿಪೋರ್ಟ್ ಬಂದ್ರೆ ಸೀಸ ಇಲ್ಲ ಅಂತ ಅರ್ಥ ಅಲ್ಲ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರೋ ಪರಿಸರ ಪರೀಕ್ಷೆ ಲ್ಯಾಬಿಗೆ ಫೋನ್ ಮಾಡಿ, ಮಣ್ಣಲ್ಲಿ ಒಟ್ಟು ಸೀಸ ಎಷ್ಟಿದೆ ನೋಡ್ಬೇಕು, ಆಸಿಡ್ ಡೈಜೆಶನ್ ಮಾಡಿ (ಮಣ್ಣನ್ನ ಆಸಿಡಲ್ಲಿ ಕರಗಿಸಿ) ಐಸಿಪಿ ಅನ್ನೋ ಲೋಹ ಅಳೆಯೋ ಯಂತ್ರದಲ್ಲಿ ನೋಡ್ತೀರಾ ಅಂತಾನೇ ಕೇಳಿ. ದುಡ್ಡು ಹೊಂದಿದ್ರೆ ಕ್ಯಾಡ್ಮಿಯಂ, ಆರ್ಸೆನಿಕ್, ಕ್ರೋಮಿಯಂ ಜೊತೆಗೇ ಮಾಡ್ಸಿ.

ಸ್ಯಾಂಪಲ್ ತೆಗೆಯೋದು: ಮಗು ಆಡೋ ಜಾಗ ಆದ್ರೆ ಮೇಲಿನ ಒಂದು ಇಂಚು ಮಾತ್ರ, ತರಕಾರಿ ಬೆಳೆಯೋ ಜಾಗ ಆದ್ರೆ ಆರು ಇಂಚಿನ ತನಕ. ಒಂದೇ ಕಡೆ ತೆಗೀಬೇಡಿ, ಐದರಿಂದ ಹತ್ತು ಕಡೆ ಒಂದೊಂದು ಹಿಡಿ ತೆಗೆದು ಪ್ಲಾಸ್ಟಿಕ್ ಟಬ್ಬಲ್ಲಿ ಬೆರೆಸಿ, ಕಲ್ಲು ಬೇರು ತೆಗೆದು, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಜಿಪ್ ಕವರಿಗೆ ಹಾಕಿ. ಪೇಂಟ್ ಹಚ್ಚಿರೋ ಸಲಿಕೆ ಬಳಸ್ಬೇಡಿ. ಗೋಡೆ ಪಕ್ಕದ್ದು, ರಸ್ತೆ ಪಕ್ಕದ್ದು, ಹಿತ್ತಲದ್ದು ಒಟ್ಟಿಗೆ ಬೆರೆಸ್ಬೇಡಿ, ಬೇರೆ ಬೇರೆ ಕವರ್ ಮಾಡಿ ಹೆಸರು ಬರೀರಿ.

ಮಕ್ಕಳಿರೋ ಮನೆಗಳ ಮಣ್ಣಿಗೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಟ್ಟಿದ್ದ 400 ಪಿಪಿಎಂ ಗೆರೆ 2024ರಲ್ಲಿ 200ಕ್ಕೆ ಇಳೀತು, ಕ್ಯಾಲಿಫೋರ್ನಿಯಾ 80 ಅನ್ನತ್ತೆ. ನಾನು ಹೇಳೋದು, 100ರ ಒಳಗಿದ್ರೆ ಮಾಮೂಲಿ ಎಚ್ಚರಿಕೆ ಸಾಕು. 100 ದಾಟಿದ್ರೆ ಮುಚ್ಚೋ ಕೆಲಸ ಮುಂದೂಡ್ಬೇಡಿ, ಸೊಪ್ಪು ಗೆಡ್ಡೆ ಬೆಳೆಯೋದು ನಿಲ್ಲಿಸಿ. 200 ದಾಟಿದ್ರೆ ಆ ಮಣ್ಣಲ್ಲಿ ಮಗು ಆಡೋದೇ ಬೇಡ. 400 ಮೇಲೆ ಹೋದ್ರೆ ಅಲ್ಲಿ ತಿನ್ನೋದು ಏನೂ ಬೆಳೀಬೇಡಿ.

ಹಂತ 6: ಕೈತೋಟ

ಗಿಡ ಬೇರಿಂದ ಎಳ್ಕೊಳೋ ಸೀಸಕ್ಕಿಂತ ಎಲೆ ಮೇಲೆ, ಗೆಡ್ಡೆ ಸಿಪ್ಪೆ ಮೇಲೆ ಅಂಟಿರೋ ಮಣ್ಣು ಧೂಳಿನ ಸೀಸಾನೇ ಜಾಸ್ತಿ. ಹಾಗಾಗಿ ಪಾಲಕ್, ದಂಟು, ಕೊತ್ತಂಬರಿ, ಮೂಲಂಗಿ, ಕ್ಯಾರೆಟ್ ಇವುಗಳಲ್ಲಿ ಅಪಾಯ ಜಾಸ್ತಿ, ಟೊಮೆಟೊ, ಬದನೆ, ಬೆಂಡೆ, ಹೀರೆ, ಅವರೆಲಿ ಕಮ್ಮಿ. ಕ್ಯಾಡ್ಮಿಯಂ ಕಥೆ ಬೇರೆ, ಅದನ್ನ ಸೊಪ್ಪು ಬೇರಿಂದಾನೇ ಚೆನ್ನಾಗಿ ಹೀರ್ಕೊಳತ್ತೆ, ತೊಳೆದ್ರೂ ಹೋಗಲ್ಲ. ನೆಲದ ಮಣ್ಣಿನ ಮೇಲೆ ಅನುಮಾನ ಇದ್ರೆ ಗ್ರೋ ಬ್ಯಾಗ್, ಅಥವಾ ಒಂದಡಿ ಎತ್ತರದ ಪಾತಿ ಕಟ್ಟಿ ಬೇರೆ ಮಣ್ಣು ತುಂಬಿ. ಎರೆಗೊಬ್ಬರ, ಕಾಂಪೋಸ್ಟ್ ಧಾರಾಳವಾಗಿ ಹಾಕಿ, ಸೀಸ ಅದಕ್ಕೆ ಅಂಟ್ಕೊಳತ್ತೆ. ನಮ್ಮ ಕೆಂಪು ಮಣ್ಣು ಸ್ವಲ್ಪ ಹುಳಿ, ಪಿಎಚ್ 6.5ರಿಂದ 7ಕ್ಕೆ ಬರೋ ಹಾಗೆ ಕೃಷಿ ಸುಣ್ಣ ಹಾಕಿದ್ರೆ ಗಿಡಕ್ಕೆ ಸೀಸ ಸಿಗೋದು ಇನ್ನೂ ಕಮ್ಮಿ ಆಗತ್ತೆ. ರಸ್ತೆ ಕಡೆ ಬೇಲಿ ತರ ದಟ್ಟ ಗಿಡ ಹಾಕಿ, ತರಕಾರಿ ಹಿಂದಕ್ಕೆ ಹೋಗ್ಲಿ.

ಮಣ್ಣು ಎಲ್ಲಿಂದ ತರ್ತೀರ ಅನ್ನೋದನ್ನ ವಿಚಾರಿಸಿ. ಟ್ರ್ಯಾಕ್ಟರಲ್ಲಿ ಬರೋ ಕೆಮ್ಮಣ್ಣು ಯಾವ ಪಾಯ ಅಗೆದಿದ್ದೋ, ಅದರಲ್ಲಿ ಇಟ್ಟಿಗೆ ಚೂರು, ಗಾಜು, ಪೇಂಟ್ ಚೂರು ಕಂಡ್ರೆ ವಾಪಸ್ ಕಳಿಸಿ. ಕೆರೆ ಹೂಳು ಒಳ್ಳೇ ಗೊಬ್ಬರ ಅನ್ನೋದು ಹಳ್ಳಿ ಕೆರೆಗೆ ಸರಿ, ಬೆಳ್ಳಂದೂರು, ವರ್ತೂರು ಕೆರೆದು, ವೃಷಭಾವತಿ ಪಕ್ಕದ್ದು, ಬೈರಮಂಗಲದ್ದು ತಿನ್ನೋ ಗಿಡಕ್ಕೆ ಬೇಡ, ಆ ನೀರಿಗೆ ದಶಕಗಳಿಂದ ಕಾರ್ಖಾನೆ, ಚರಂಡಿ ನೀರು ಸೇರಿದೆ. ಪೀಣ್ಯದ ಕಡೆ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ) ಸಿಕ್ಕಿರೋದ್ರಿಂದ ಅಲ್ಲಿನ ಬೋರ್‌ವೆಲ್ ನೀರು ಟೆಸ್ಟ್ ಮಾಡಿಸದೇ ತರಕಾರಿಗೆ ಹಾಯಿಸ್ಬೇಡಿ. ಗಣೇಶನ ಹಬ್ಬ ಆದ ಮೇಲೆ ಬಕೆಟಲ್ಲಿ ಬಿಟ್ಟ ಮೂರ್ತಿ ಮಣ್ಣನ್ನ ಕುಂಡಕ್ಕೆ ಹಾಕೋದು ಈಗ ತುಂಬಾ ಮನೇಲಿದೆ. ಬಣ್ಣ ಇಲ್ಲದ ಮಣ್ಣಿನ ಗಣಪ ಆದ್ರೆ ಧಾರಾಳವಾಗಿ ಹಾಕಿ. ಬಣ್ಣ ಹೊಡೆದಿದ್ರೆ ತುಳಸಿಗೂ ಬೇಡ, ಸೊಪ್ಪಿಗೂ ಬೇಡ. ದೀಪಾವಳಿ ಪಟಾಕಿ ಬೂದಿ, ಕಸ ಸುಟ್ಟ ಬೂದಿನೂ ಗೊಬ್ಬರ ಅಂದ್ಕೊಂಡು ಪಾತಿಗೆ ಹಾಕ್ಬೇಡಿ.

ಹಂತ 7: ಕೆಲಸದಿಂದ ಮನೆಗೆ ಬರೋ ಧೂಳು

ಬ್ಯಾಟರಿ ಅಂಗಡಿ, ಗ್ಯಾರೇಜ್, ರೇಡಿಯೇಟರ್ ವೆಲ್ಡಿಂಗ್, ಸೋಲ್ಡರಿಂಗ್, ಪೇಂಟಿಂಗ್, ಗುಜರಿ, ಹಳೇ ಕಟ್ಟಡ ಒಡೆಯೋದು, ಇಂಥ ಕೆಲಸ ಮಾಡೋರು ಮನೇಲಿದ್ರೆ ಅವರ ಬಟ್ಟೇಲೇ ಸೀಸ ಬರತ್ತೆ. ಕೆಲಸದ ಜಾಗದಲ್ಲೇ ಕೈ ಮುಖ ತೊಳೆದು ಬಟ್ಟೆ ಬದಲಿಸಿ ಬರೋಕಾದ್ರೆ ಒಳ್ಳೇದು. ಆಗದಿದ್ರೆ ಬಾಗಿಲಲ್ಲೇ ಬಟ್ಟೆ ಬಿಚ್ಚಿ ಕವರಿಗೆ ಹಾಕಿ, ತಲೆಗೂ ನೀರು ಹಾಕ್ಕೊಂಡು ಸ್ನಾನ ಮಾಡಿ ಆಮೇಲೆ ಮಗುನ ಎತ್ಕೊಳ್ಳಿ. ಆ ಬಟ್ಟೆ ಬೇರೆ ಒಗೀಬೇಕು.

ಹಂತ 8: ಊಟ

ಕಬ್ಬಿಣ, ಕ್ಯಾಲ್ಸಿಯಂ ಕಮ್ಮಿ ಇರೋ ದೇಹ ಸೀಸಾನ ಜಾಸ್ತಿ ಹೀರ್ಕೊಳತ್ತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 65.5% ಮಕ್ಕಳಿಗೆ ರಕ್ತಹೀನತೆ, ಅಂದ್ರೆ ನಮ್ಮ ಮಕ್ಕಳಿಗೆ ಅದೇ ಧೂಳು ಇನ್ನೂ ಜಾಸ್ತಿ ತಾಗತ್ತೆ. ರಾಗಿಲಿ 100 ಗ್ರಾಂಗೆ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ರಾಗಿ ಸರಿ, ಮುದ್ದೆ, ಹಾಲು ಮೊಸರು, ಕಾಳು, ಮೊಟ್ಟೆ, ಮಾಂಸ ತಿನ್ನೋ ಮನೆ ಆದ್ರೆ ಅದೂ, ಜೊತೆಗೆ ನಿಂಬೆ, ನೆಲ್ಲಿ, ಸೀಬೆ. ಖಾಲಿ ಹೊಟ್ಟೇಲಿ ಸೀಸ ಬೇಗ ಸೇರತ್ತೆ, ಮಗು ಹಸ್ಕೊಂಡು ಆಡ್ತಾ ಇರ್ಬಾರ್ದು.

ಧೂಳು ಎಷ್ಟು ಒರೆಸಿದ್ರೂ ರಕ್ತದ ಸೀಸ ಇಳೀದಿದ್ರೆ ಇವುಗಳನ್ನೂ ನೋಡಿ, ಇವುಗಳಲ್ಲೂ ಸೀಸ ಇರ್ಬಹುದು: ಕಣ್ಣಿಗೆ ಹಚ್ಚೋ ಅಂಗಡಿ ಸುರ್ಮಾ (ಹರಳೆಣ್ಣೆ ದೀಪದ ಮಸಿಯ ಕಾಡಿಗೆಲಿ ಸಾಮಾನ್ಯವಾಗಿ ಈ ತೊಂದರೆ ಇರಲ್ಲ), ಆಂಜನೇಯನಿಗೆ ಹಚ್ಚೋ ಕೇಸರಿ ಸಿಂಧೂರ, ತುಂಬಾ ಹೊಳೆಯೋ ಲೂಸ್ ಅರಿಶಿನ ಪುಡಿ, ಗುಜರಿ ಲೋಹದಿಂದ ಮಾಡಿದ ಅಲ್ಯೂಮಿನಿಯಂ ಪಾತ್ರೆ, ಲೋಹದ ಭಸ್ಮ ಇರೋ ಔಷಧಿ. ಅರಿಶಿನ ಕೊಂಬು ತಂದು ಮಿಲ್ ಮಾಡ್ಸೋದು ಒಳ್ಳೇದು.

ಹಂತ 9: ರಕ್ತ ಪರೀಕ್ಷೆ ಯಾವಾಗ

ಆರು ವರ್ಷದೊಳಗಿನ ಮಗು ಇದ್ದು, ಮನೇಲಿ ಹಳೇ ಪೇಂಟ್ ಏಳ್ತಿದ್ರೆ, ಇತ್ತೀಚೆಗೆ ಒಣದಾಗಿ ಉಜ್ಜಿಸಿದ್ರೆ, ಬ್ಯಾಟರಿ ಗುಜರಿ ಕೆಲಸ ಹತ್ತಿರದಲ್ಲಿದ್ರೆ, ಮಗು ಮಣ್ಣು ಸುಣ್ಣ ತಿಂತಿದ್ರೆ, ಕಬ್ಬಿಣದ ಸಿರಪ್ ಕೊಟ್ರೂ ರಕ್ತಹೀನತೆ ಹೋಗ್ತಿಲ್ಲ ಅಂದ್ರೆ ಮಕ್ಕಳ ಡಾಕ್ಟರ್ ಹತ್ರ ಬ್ಲಡ್ ಲೆಡ್ ಟೆಸ್ಟ್ ಅಂತ ಹೆಸರು ಹೇಳಿ ಕೇಳಿ. ಮಾಮೂಲಿ ಬ್ಲಡ್ ಟೆಸ್ಟ್ ಪ್ಯಾಕೇಜಲ್ಲಿ ಇದು ಸಾಮಾನ್ಯವಾಗಿ ಇರಲ್ಲ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಜಾಸ್ತಿ ಬಂದ್ರೆ ಚರ್ಮದ ಮೇಲಿನ ಧೂಳೂ ಸೇರಿರ್ಬಹುದು, ರಕ್ತನಾಳದಿಂದ ತೆಗೆಸಿ ಇನ್ನೊಮ್ಮೆ ಖಚಿತ ಮಾಡ್ಕೊಳ್ಳಿ.

ಡೆಸಿಲೀಟರ್ ರಕ್ತಕ್ಕೆ 5 ಮೈಕ್ರೋಗ್ರಾಂ ಅಥವಾ ಮೇಲಿದ್ರೆ ಎಲ್ಲಿಂದ ಬರ್ತಿದೆ ಅಂತ ಹುಡುಕಿ ನಿಲ್ಲಿಸ್ಬೇಕು ಅಂತ ಡಬ್ಲ್ಯೂಎಚ್‌ಒ 2021ರ ಮಾರ್ಗಸೂಚಿ, ಅಮೆರಿಕದ ರೋಗ ತಡೆ ಸಂಸ್ಥೆ ಸಿಡಿಸಿ 3.5ಕ್ಕೇ ಎಚ್ಚರಿಸತ್ತೆ. 45 ದಾಟಿದ್ರೆ ಆಸ್ಪತ್ರೇಲಿ ಔಷಧಿ ಕೊಟ್ಟು ಸೀಸ ಹೊರಹಾಕಿಸೋ ಕೀಲೇಶನ್ ಅನ್ನೋ ಚಿಕಿತ್ಸೆ ಇದೆ, ಅದನ್ನ ಡಾಕ್ಟರ್ ನಿಗಾದಲ್ಲೇ ಮಾಡ್ಬೇಕು, ಡಿಟಾಕ್ಸ್ ಪುಡಿ, ಜ್ಯೂಸ್ ಅಂತ ಮಾರೋದನ್ನ ಮಗುಗೆ ಕೊಡ್ಬೇಡಿ. ಅದಕ್ಕಿಂತ ಕಮ್ಮಿ ಇದ್ರೆ ಮೂಲ ನಿಲ್ಲಿಸೋದು, ಕಬ್ಬಿಣ ಸರಿಮಾಡೋದು, ಕಲಿಕೆ ಬೆಳವಣಿಗೆ ಮೇಲೆ ಕಣ್ಣಿಡೋದೇ ಚಿಕಿತ್ಸೆ. ರಕ್ತದಲ್ಲಿರೋ ಸೀಸ ಅರ್ಧಕ್ಕಿಳಿಯೋಕೆ ಸುಮಾರು ಒಂದು ತಿಂಗಳು ಬೇಕು, ಮೂಳೆಲಿರೋದು ಆಮೇಲೂ ನಿಧಾನಕ್ಕೆ ಬರ್ತಾನೇ ಇರತ್ತೆ. ಡಾಕ್ಟರ್ ಹೇಳಿದ ಹಾಗೆ ಒಂದರಿಂದ ಮೂರು ತಿಂಗಳಲ್ಲಿ ಮತ್ತೆ ಮಾಡ್ಸಿ, ಒಂದು ಮಗುಗೆ ಜಾಸ್ತಿ ಬಂದಿದ್ರೆ ಅದರ ಅಣ್ಣ ತಮ್ಮ, ಅಕ್ಕ ತಂಗಿಗೂ, ಮನೇಲಿ ಬಸುರಿ ಇದ್ರೆ ಅವರಿಗೂ ಅದೇ ವಾರ ಮಾಡ್ಸಿ, ಕೆಳಗಿನ ಮನೆ ಬಾಡಿಗೆಯವರಿಗೂ ಹೇಳಿ, ಅವರ ಮಕ್ಕಳೂ ಅದೇ ಗ್ರಿಲ್ ಹಿಡಿದೇ ಆಡೋದು.